ನಂಜು ಒಬ್ಬನೇ ಒಂದಕ್ಕೆ ಹೋದದ್ದು

ನಮ್ಮೂರಿನಲ್ಲಿ ಯಾರಾದರೂ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ರಸ್ತೆ ಬದಿಯಲ್ಲಿ ಆಕಾಶ ನೋಡುತ್ತ ನಿಂತಿದ್ದರೆ ಅವರನ್ನು ಮಾತಾಡಿಸಬಾರದು. ಅವರು ಈಗಷ್ಟೇ ಹೊರಗೆ ಬಂದಿದ್ದಾರೆ ಎಂದು ಅರ್ಥ. ಮಾರ್ಕೆಟ್ಟಿನಲ್ಲಿ ಒಳಗೆ ಹೋದವರು ಕೋರ್ಟಿನ ಹಿಂದೆ ಬಂದಿರಬಹುದು, ಬಸ್ ಸ್ಟ್ಯಾಂಡಿನಲ್ಲಿ ಹೋದವರು ಕೆರೆ ಏರಿಯ ಮೇಲೆ ಬಂದಿರಬಹುದು. ನಮ್ಮಲ್ಲಿ ಸಾರ್ವಜನಿಕ ಶೌಚಾಲಯಗಳು ಆರು. ಒಬ್ಬರೇ ಹೋದವರು ಹೋದ ಬಾಗಿಲಿನಿಂದ ವಾಪಸು ಬರುವುದಿಲ್ಲ, ಉಳಿದ ಐದರಲ್ಲಿ ಯಾವುದಾದರೊಂದರಿಂದ ಬರುತ್ತಾರೆ. ಯಾವುದು ಎಂದು ಮೊದಲೇ ಗೊತ್ತಾಗುವುದಿಲ್ಲ. ಹೊರಗೆ ಬರುವಾಗ ಇನ್ನೊಬ್ಬರ ಕೈ ಹಿಡಿದಿದ್ದರೆ ಏನೂ ಆಗುವುದಿಲ್ಲ, ಒಳಗೆ ಜೊತೆ ಸಿಗದೆ ಹೋದೀತೆಂದು ಹೋಗುವಾಗಲೇ ಕೈ ಹಿಡಿದುಕೊಳ್ಳುವುದು ರೂಢಿ. ಹಾಗಾಗಿ ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ನೀವು ಒಂದು ದೃಶ್ಯ ನೋಡುತ್ತೀರಿ. ಬೇರೆ ಊರಿಗೆ ಹೋಗುವ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ, ಕಂಡಕ್ಟರು ಇಬ್ಬಿಬ್ಬರು ಹೋಗಿ, ಇಬ್ಬಿಬ್ಬರು ಹೋಗಿ ಎಂದು ಕೂಗುತ್ತಾನೆ, ಒಬ್ಬರ ಮುಖ ಇನ್ನೊಬ್ಬರು ನೋಡಿರದ ದೊಡ್ಡ ಮೀಸೆಯ ಗಂಡಸರು ಕೈ ಕೈ ಹಿಡಿದುಕೊಂಡು, ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿಕೊಂಡು ಒಳಗೆ ನಡೆಯುತ್ತಾರೆ.

ಊರಿನವರೇ ಆದರೆ ಇಷ್ಟು ರಗಳೆ ಮಾಡಿಕೊಳ್ಳುವುದಿಲ್ಲ. ಒಬ್ಬರೇ ಹೋಗುತ್ತಾರೆ, ಎಲ್ಲಿಗೋ ಬರುತ್ತಾರೆ, ಅಲ್ಲಿಂದ ಮನೆಗೆ ನಡೆಯುತ್ತಾರೆ. ಆದರೆ ಅದಕ್ಕೊಂದು ಮರ್ಯಾದೆ ಇದೆ. ಹೊರಗೆ ಬಂದವರು ಇದ್ಯಾವ ಜಾಗ ಎಂದು ಕೇಳುವ ಹಾಗಿಲ್ಲ. ದಾರಿ ಕೇಳುವುದಂತೂ ಲುಂಗಿ ಬಿಚ್ಚಿ ನಿಂತ ಹಾಗೆ. ಸ್ವಲ್ಪ ಹೊತ್ತು ಆಕಾಶ ನೋಡಬೇಕು, ಎದುರಿಗೆ ಏನು ಮಾರುತ್ತಿದ್ದಾರೋ ಅದನ್ನು ಕೊಳ್ಳಬೇಕು, ಇಲ್ಲಿಗೇ ಬರಬೇಕೆಂದು ಬೆಳಿಗ್ಗೆಯಿಂದ ಅಂದುಕೊಂಡಿದ್ದವರ ಹಾಗೆ ನಡೆಯಬೇಕು. ನೋಡಿದವರು ನೋಡದವರ ಹಾಗೆ ಇರಬೇಕು. ಹೆಚ್ಚುಕಡಿಮೆ ಎಲ್ಲ ಕಡೆ ಬಾಳೆಹಣ್ಣಿನ ಗಾಡಿಗಳಿವೆ. ನಮ್ಮೂರಿನ ಯಾವ ಮನೆಗೆ ಹೋದರೂ ಮೂಲೆಯಲ್ಲಿ ಕಪ್ಪಾಗುತ್ತಿರುವ ಬಾಳೆಹಣ್ಣು ಇರುತ್ತದೆ. ಕೋರ್ಟಿನಲ್ಲಿ ಊಟದ ಬಿಡುವಿನ ನಂತರ ವಕೀಲರು ಕರಿಕೋಟಿನ ಜೇಬಿನಲ್ಲಿ ಬಾಳೆಹಣ್ಣು ಇಟ್ಟುಕೊಂಡು ಒಬ್ಬೊಬ್ಬರಾಗಿ ಬೆವರುತ್ತ ಬರುವುದನ್ನು ಜಡ್ಜ್ ಸಾಹೇಬರು ಕಾಯುತ್ತಾರೆ. ಅವರೂ ಎಷ್ಟೋ ಸಲ ತಡವಾಗಿಯೇ ಬಂದಿರುತ್ತಾರೆ.

ಇಂಥ ಊರಿನಲ್ಲಿ ಮಕ್ಕಳನ್ನು ಯಾವಾಗ ಒಬ್ಬರನ್ನೇ ಕಳಿಸಬೇಕು ಎನ್ನುವುದು ಮದುವೆ ಮಾತುಕತೆಗಿಂತ ದೊಡ್ಡ ವಿಷಯ. ಬೇರೆ ಊರುಗಳಲ್ಲಿ ಮಗು ನಡೆಯಿತೇ, ಮಾತಾಡಿತೇ, ಎಷ್ಟನೇ ಕ್ಲಾಸು ಎಂದು ಕೇಳುತ್ತಾರಂತೆ. ನಮ್ಮಲ್ಲಿ ಒಬ್ಬನೇ ಹೋಗ್ತಾನಾ ಎಂದು ಕೇಳುತ್ತಾರೆ. ಪಕ್ಕದ ಮನೆಯ ಪ್ರಮೀಳಕ್ಕನ ಮಗಳು ಐದು ತುಂಬುವುದರೊಳಗೆ ಒಬ್ಬಳೇ ಹೋಗಿ, ಕೆರೆ ಏರಿಯಿಂದ ಮನೆಗೆ ನಡೆದು ಬಂದವಳು. ಬರುವಾಗ ಕೊತ್ತಂಬರಿ ಸೊಪ್ಪು ಬೇರೆ ತಂದಿದ್ದಳು. ಅದನ್ನು ಪ್ರಮೀಳಕ್ಕ ಹೇಳದ ಶುಕ್ರವಾರವಿಲ್ಲ.

ನನ್ನ ಮಗ ನಂಜುಂಡಿಗೆ ಆರೂವರೆ ಆಗಿತ್ತು. ಅವನು ಒಬ್ಬನೇ ಹೋಗುತ್ತಿರಲಿಲ್ಲ. ನಾನು ಕರೆದುಕೊಂಡು ಹೋಗುತ್ತಿದ್ದೆ, ಹೆಂಗಸರ ಕಡೆಗೆ. ಹುಡುಗ ಇನ್ನೂ ಚಿಕ್ಕವನು, ಚಿಲಕ ಹಾಕಲು ಬರುವುದಿಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ನಿಜ ಬೇರೆ ಇತ್ತು. ನಾನು ಹುಟ್ಟಿದಾಗಿನಿಂದ ಒಂದು ಸಲವೂ ಒಬ್ಬಳೇ ಹೋದವಳಲ್ಲ. ಮೊದಲು ಅಮ್ಮನ ಕೈ ಇತ್ತು. ಆಮೇಲೆ ಶಾಲೆಯ ಗೆಳತಿಯರು. ಮದುವೆಯಾಗಿ ಇದೇ ಊರಿನ ಈ ಮನೆಗೆ ಬಂದ ಮೇಲೆ ನಾದಿನಿ ಸಿಕ್ಕಿದಳು, ಅವಳಿಗೆ ಬಾ ಎಂದರೆ ಸಾಕು, ಬಾಯಲ್ಲಿದ್ದ ತುತ್ತು ಬಿಟ್ಟು ಬರುತ್ತಿದ್ದಳು. ಅವಳಿಗೆ ಮದುವೆಯಾಗಿ ಹೋಗುವ ಹೊತ್ತಿಗೆ ದೇವರು ನಂಜುವನ್ನು ಕೊಟ್ಟಿದ್ದ. ಹೆಂಗಸರು ಜೊತೆ ಜೊತೆಯಾಗಿ ಹೋಗುವುದು ಮಾತಾಡಲು ಎಂದು ಊರಿನ ಗಂಡಸರು ನಂಬಿದ್ದಾರೆ, ಅದು ನನಗೆ ಅನುಕೂಲವಾಗಿತ್ತು. ಹೀಗಾಗಿ ನಾನು ಎಲ್ಲಿ ಒಳಗೆ ಹೋದೆನೋ ಅಲ್ಲೇ ಹೊರಗೆ ಬರುತ್ತ ಮೂವತ್ತಮೂರು ವರ್ಷ ಕಳೆದಿದ್ದೆ. ಮಗ ದೊಡ್ಡವನಾದರೆ ನನ್ನ ಕೈ ಹಿಡಿಯುವವರು ಯಾರೂ ಇರುವುದಿಲ್ಲ ಎಂಬುದು ನನಗೆ ಮಾತ್ರ ಗೊತ್ತಿದ್ದ ಲೆಕ್ಕ.

ಮಾರ್ಕೆಟ್ಟಿನ ಶೌಚಾಲಯದಲ್ಲಿ ಹೆಂಗಸರ ಬಾಗಿಲಿಗೆ ಸಾಕವ್ವ ಕೂರುತ್ತಾಳೆ. ಪೊರಕೆ ಒಂದು ಕಡೆ, ಬಕೆಟ್ಟು ಒಂದು ಕಡೆ, ಎಲೆಯಡಿಕೆ ಚೀಲ ಮಡಿಲಲ್ಲಿ. ನಾನು ಸೀರೆಗಳಿಗೆ ಫಾಲ್ ಹಚ್ಚಿ, ಸೆರಗಿಗೆ ಕುಚ್ಚು ಕಟ್ಟಿ ಮಾರ್ಕೆಟ್ಟಿನ ಬಟ್ಟೆ ಅಂಗಡಿಗೆ ಕೊಡುವವಳು, ಹಾಗಾಗಿ ವಾರಕ್ಕೆ ಎರಡು ಮೂರು ಸಲ ಅವಳ ಮುಂದೆ ಹಾಯುತ್ತಿದ್ದೆ. ಒಂದು ಗುರುವಾರ ಅವಳು ನಂಜುವಿನ ಗಲ್ಲ ಹಿಡಿದು ಮುಖ ಮೇಲೆತ್ತಿ, ಮೇಲ್ದುಟಿಯನ್ನು ಬೆಳಕಿಗೆ ತಿರುಗಿಸಿ ನೋಡಿದಳು.

“ಮೀಸೆ ಬರೋಗಂಟ ಕರ್ಕೊಂಡ್ ಬತ್ತೀಯೇನವ್ವ?” ಎಂದಳು. “ಇವತ್ತೇ ಕೊನೆ. ನಾಳೆಯಿಂದ ಈ ಯಜಮಾನ್ರು ಆ ಕಡೆ ಬಾಗ್ಲು.”

ಒಳಗಿದ್ದ ಹೆಂಗಸರೆಲ್ಲ ನಕ್ಕರು. ನಂಜು ನಗಲಿಲ್ಲ. ದಾರಿಯುದ್ದಕ್ಕೂ ತನ್ನ ಮೇಲ್ದುಟಿಯನ್ನು ಬೆರಳಿನಿಂದ ಉಜ್ಜಿಕೊಳ್ಳುತ್ತ ಬಂದ.

ಮನೆಯಲ್ಲಿ ವಿಷಯ ಹೊರಬಿತ್ತು. ನಮ್ಮವರು, ಪರಮೇಶ ಅಂತ, ಫ್ಯಾನು ಮಿಕ್ಸಿ ರಿಪೇರಿ ಮಾಡುತ್ತಾರೆ, ಯಾವುದೇ ವಿಷಯವನ್ನಾದರೂ ಬಿಚ್ಚಿ ಜೋಡಿಸಬಹುದು ಎಂದು ನಂಬಿದವರು. ನಾನು ಐದನೇ ವರ್ಷಕ್ಕೇ ಒಬ್ಬನೇ ಹೋಗ್ತಿದ್ದೆ, ಇದಕ್ಕೆಲ್ಲ ಇಷ್ಟು ಯೋಚನೆ ಯಾಕೆ ಎಂದರು. ಅಡುಗೆಮನೆಯಿಂದ ನಮ್ಮತ್ತೆ, ಐದಕ್ಕಲ್ಲ ಒಂಬತ್ತಕ್ಕೆ, ಅದೂ ಆಸ್ಪತ್ರೆ ಎದುರಿಗೆ ಬಂದು ಗಳಗಳ ಅಳುತ್ತ ನಿಂತಿದ್ದವನನ್ನು ಜ್ವರದ ಹುಡುಗ ಎಂದುಕೊಂಡು ನರ್ಸು ಒಳಗೆ ಎಳೆದುಕೊಂಡು ಹೋಗಿ ಸೂಜಿ ಚುಚ್ಚಿದ್ದಳು ಎಂದು ತಿದ್ದಿದರು. ಆ ಮಾತು ಅಲ್ಲಿಗೆ ನಿಂತಿತು. ಆದರೂ ತೀರ್ಮಾನ ನಾನೇ ಮಾಡಬೇಕು ಎಂದು ಇಬ್ಬರೂ ನನ್ನ ಕಡೆ ನೋಡಿದರು. ಇಂಥ ವಿಷಯದಲ್ಲಿ ತಾಯಿಯ ಮಾತೇ ಕೊನೆ, ಅದು ನಮ್ಮೂರಿನ ರೂಢಿ.

ಮೊದಲು ಚಿಲಕ ಹಾಕಿ ತೆಗೆಯುವುದು ಬರಲಿ ಎಂದೆ. ಅವನಿಗೆ ಒಂದು ಸಂಜೆಯಲ್ಲಿ ಬಂತು. ಚಡ್ಡಿಯ ಲಾಡಿ ಗಂಟು ಬೀಳದ ಹಾಗೆ ಕಟ್ಟುವುದು ಬರಲಿ ಎಂದೆ. ಅದೂ ಬಂತು. ದಾರಿಗಳು ಬಾಯಿಗೆ ಬರಲಿ ಎಂದೆ. ನಮ್ಮವರು ತಮ್ಮ ಶಾಲೆಯ ದಿನಗಳಿಂದ ಬಲ್ಲ ದಾರಿಗಳನ್ನು ಹೇಳಿದರು, ನಾನು ಫಾಲ್ ಬಟ್ಟೆಯ ಉದ್ದುದ್ದ ತುಂಡುಗಳನ್ನು ನೆಲದ ಮೇಲೆ ರಸ್ತೆಗಳ ಹಾಗೆ ಹಾಸಿದೆ. ಕೋರ್ಟಿನ ರಸ್ತೆ ಮರೂನು, ಆಸ್ಪತ್ರೆಯದು ಹಳದಿ, ಟಾಕೀಸಿನದು ನೇರಳೆ, ಬಸ್ ಸ್ಟ್ಯಾಂಡಿನದು ಕಪ್ಪು, ಕೆರೆಯದು ಗಿಳಿಹಸಿರು. ಅವನು ಬೆರಳಿನಿಂದ ನಡೆಯುತ್ತ ನಡೆಯುತ್ತ ಎಲ್ಲ ಕಡೆಯಿಂದಲೂ ನಮ್ಮ ಬಾಗಿಲಿಗೆ ಬಂದ. ಒಂದು ರಸ್ತೆ ಅಗೆದಿದ್ದರೆ ಎಂದೆ. ಸುತ್ತಿಕೊಂಡು ಬಂದ. ನಾಯಿ ಇದ್ದರೆ, ಮೆರವಣಿಗೆ ಇದ್ದರೆ, ಕರೆಂಟು ಹೋದರೆ ಎಂದೆ. ಎಲ್ಲದಕ್ಕೂ ಅವನ ಬಳಿ ಬೆರಳಿತ್ತು. ಯಾರಾದರೂ ಮಿಠಾಯಿ ಕೊಟ್ಟರೆ ಏನು ಮಾಡ್ತೀಯ ಎಂದಾಗ, ಯಾವ ಮಿಠಾಯಿ ಎಂದು ಕೇಳಿದ. ನೋಡಿ, ಇನ್ನೂ ತಯಾರಾಗಿಲ್ಲ ಎಂದು ನಾನು ಎದ್ದುಬಿಟ್ಟೆ.

“ಇವನನ್ನ ಲಾಯರ್ ಓದಿಸಿ ಆಮೇಲೆ ಕಳಿಸ್ತೀಯಾ ವಿಶಾಲು?” ಎಂದರು ನಮ್ಮವರು.

ನಾನು ರಸ್ತೆಗಳನ್ನೆಲ್ಲ ಸುತ್ತಿ ಎತ್ತಿಟ್ಟೆ. ಆ ದಿನಗಳಲ್ಲಿ ನಾನು ಮನೆ ಬಿಡುವ ಮೊದಲು ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಕಾಫಿ ಬಿಟ್ಟಿದ್ದೆ. ಕಲ್ಲಂಗಡಿ ಹಣ್ಣಿನ ಗಾಡಿ ಕಂಡರೆ ರಸ್ತೆ ದಾಟುತ್ತಿದ್ದೆ. ಬಟ್ಟೆ ಅಂಗಡಿಯಲ್ಲಿ ಸೀರೆ ಕೊಟ್ಟು, ಮಾತಾಡಿಸಿದವರಿಗೆ ಹಾಂ ಹೂಂ ಎಂದು, ಬೆನ್ನಿಗೆ ಬೆಂಕಿ ಬಿದ್ದವಳ ಹಾಗೆ ಮನೆಗೆ ಬರುತ್ತಿದ್ದೆ. ನಂಜುವಿಗೂ ಹಾಗೇ ಮಾಡಲು ಹೇಳಿದ್ದೆ. ಹೆಂಗಸರ ಬಾಗಿಲು ಅವನಿಗೆ ಮುಚ್ಚಿತ್ತು, ಗಂಡಸರ ಬಾಗಿಲಿಗೆ ನಾನು ಬಿಡುತ್ತಿರಲಿಲ್ಲ, ಮಗು ತಾನೇ ಏನು ಮಾಡೀತು, ಹಲ್ಲು ಕಚ್ಚಿಕೊಂಡು ಬರುತ್ತಿದ್ದ. ಶಾಲೆಯಲ್ಲಿ ಹುಡುಗರು ಅವನನ್ನು ಅಮ್ಮನ ಸೀರೆ ಎಂದು ಕರೆಯಲು ಶುರು ಮಾಡಿದ್ದರಂತೆ. ಅದನ್ನು ಅವನು ಹೇಳಲಿಲ್ಲ, ಪ್ರಮೀಳಕ್ಕ ಕೊತ್ತಂಬರಿ ಕಥೆಯ ನಡುವೆ ಹೇಳಿದರು.

ಒಂದು ಶನಿವಾರ ಬಟ್ಟೆ ಅಂಗಡಿಯಲ್ಲಿ ಮದುವೆ ಸೀರೆಗಳ ರಾಶಿ ಬಿದ್ದಿತ್ತು. ಯಾವುದಕ್ಕೆ ಯಾವ ಬಣ್ಣದ ಕುಚ್ಚು ಎಂದು ಸೆಟ್ಟರು ಒಂದೊಂದನ್ನೇ ಬಿಡಿಸಿ ತೋರಿಸುತ್ತ ಹೊತ್ತು ಮಾಡಿದರು. ನಂಜು ಒಂದೆರಡು ಸಲ ನನ್ನ ಸೆರಗು ಎಳೆದ. ಇರೋ ಎಂದೆ. ಮತ್ತೆ ಎಳೆಯಲಿಲ್ಲ. ಕೊನೆಗೆ ನಾನು ತಿರುಗಿ ನೋಡಿದಾಗ ಅವನು ಅಂಗಡಿಯ ನಡುವೆ ಕೈ ಹಿಂದೆ ಕಟ್ಟಿಕೊಂಡು, ಮುಖ ಮೇಲೆತ್ತಿ ಸೀಲಿಂಗ್ ಫ್ಯಾನನ್ನು ನೋಡುತ್ತ ನಿಂತಿದ್ದ. ಅವರಪ್ಪ ರಿಪೇರಿಗೆ ಬಂದಾಗ ನೋಡುವ ಹಾಗೆ, ಬೇರಿಂಗ್ ಹೋಗಿದೆಯೋ ಕಾಯಿಲ್ ಸುಟ್ಟಿದೆಯೋ ಎನ್ನುವ ಗಾಂಭೀರ್ಯದಲ್ಲಿ. ಕಾಲ ಕೆಳಗೆ ನೆಲ ಒದ್ದೆಯಾಗಿತ್ತು. ಚಡ್ಡಿಯೂ. ಸೆಟ್ಟರು ನಮ್ಮೂರಿನವರು, ದೊಡ್ಡ ಮನುಷ್ಯ. ಅವರೂ ಫ್ಯಾನ್ ಕಡೆ ನೋಡಿದರು. ಸ್ವಲ್ಪ ಶಬ್ದ ಬರ್ತಾ ಇದೆ ಅಲ್ವೇನಪ್ಪ, ನಿಮ್ಮಪ್ಪನಿಗೆ ಹೇಳು ಎಂದರು. ಹೇಳ್ತೀನಿ ಎಂದ ನಂಜು. ಫ್ಯಾನಿನಿಂದ ಕಣ್ಣು ಮಾತ್ರ ಇಳಿಸಲಿಲ್ಲ. ಆರೂವರೆ ವರ್ಷದ ಹುಡುಗ ಊರಿನ ಮರ್ಯಾದೆಯನ್ನು ಅಷ್ಟು ಚೆನ್ನಾಗಿ ಕಲಿತಿದ್ದ, ಒಂದಕ್ಕೆ ಹೋಗುವುದನ್ನು ಬಿಟ್ಟು.

ಮನೆಗೆ ಬಂದು ನಾಳೆ ಎಂದು ಹೇಳಿದೆ.

ಕಾಯುವುದು ನಮ್ಮಲ್ಲಿ ಅವಮಾನ. ಹೊರಗೆ ಬರುವವರನ್ನು ಯಾರಾದರೂ ಕಾದು ನಿಂತರೆ, ನಿನಗೆ ದಾರಿ ಗೊತ್ತಿಲ್ಲ ಎಂದು ಡಂಗುರ ಹೊಡೆದ ಹಾಗೆ. ಆದರೆ ಮಕ್ಕಳ ಮೊದಲ ದಿನ ಎಲ್ಲ ಮನೆಯವರೂ ಕದ್ದು ಕಾಯುತ್ತಾರೆ, ಅದೂ ಎಲ್ಲರಿಗೂ ಗೊತ್ತು. ಭಾನುವಾರ ಬೆಳಿಗ್ಗೆ ನಮ್ಮವರು ಬಸ್ ಸ್ಟ್ಯಾಂಡಿಗೆ ಪೇಪರ್ ಓದಲು ಹೊರಟರು. ಅತ್ತೆ ಆಸ್ಪತ್ರೆ ಎದುರಿನ ಬೆಂಚಿನ ಮೇಲೆ ಕೂತು ಬತ್ತಿ ಹೊಸೆಯಲು ಹತ್ತಿ ತೆಗೆದುಕೊಂಡರು. ಪ್ರಮೀಳಕ್ಕ ಕೋರ್ಟಿನ ಹಿಂದೆ, ಭಾನುವಾರ ಕೋರ್ಟಿಗೆ ರಜೆ ಎಂದು ಯಾರೋ ನೆನಪಿಸಿದರೂ, ನಾನು ಸುಮ್ಮನೆ ನೋಡೋಕೆ ಹೋಗ್ತೀನಿ ಎಂದರು. ಅವರ ಗಂಡನ ಸೈಕಲ್ ಅಂಗಡಿ ಟಾಕೀಸಿನ ಎದುರಿಗೇ ಇತ್ತು. ಕೆರೆ ಏರಿಗೆ ಮಾತ್ರ ಯಾರೂ ಸಿಗಲಿಲ್ಲ. ಕೆರೆ ಒಂದು ಬೇಡ ದೇವರೇ ಎಂದು ಬೇಡಿಕೊಂಡು ನಾನು ನಂಜುವಿನ ಕೈ ಹಿಡಿದು ಮಾರ್ಕೆಟ್ಟಿಗೆ ಹೊರಟೆ. ಅವನ ಜೊತೆ ಧೈರ್ಯಕ್ಕೆಂದು ಎರಡು ಲೋಟ ಕಾಫಿ ಕುಡಿದಿದ್ದೆ. ಎಷ್ಟೋ ದಿನದ ಮೇಲೆ ಕುಡಿದದ್ದು. ಅದು ತಪ್ಪಾಯಿತು.

ಗಂಡಸರ ಬಾಗಿಲ ಮುಂದೆ ನಿಂತು ಅವನಿಗೆ ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಚಿಲಕ, ಲಾಡಿ, ಕೈ ತೊಳೆಯುವುದು, ಗಿಳಿಹಸಿರು, ಮರೂನು. ಅವನು ತಲೆಯಾಡಿಸುತ್ತಿದ್ದ. ಒಳಗೆ ಹೋಗುವವರು ನಮ್ಮ ಪಕ್ಕದಿಂದ ಸರಿದು ಹೋಗುತ್ತಿದ್ದರು. ನಾನು ಇನ್ನೊಂದು ಸಲ ಶುರು ಮಾಡಿದೆ.

“ಅಮ್ಮಾ,” ಎಂದ ನಂಜು, ಯಾರಿಗೂ ಕೇಳದ ಹಾಗೆ. “ಕೈ ಬಿಡು.”

ಬಿಟ್ಟೆ. ಅವನು ಒಳಗೆ ಹೋದ. ತಿರುಗಿ ನೋಡಲಿಲ್ಲ. ಬಾಗಿಲು ಅವನ ಹಿಂದೆ ಒಮ್ಮೆ ಹೋಗಿ ಬಂದು ನಿಂತಿತು.

ಸ್ವಲ್ಪ ಹೊತ್ತು ನಿಂತೆ, ಇನ್ನೂ ಸ್ವಲ್ಪ ಹೊತ್ತು ನಿಂತೆ. ಯಾರ ಫೋನೂ ಬರಲಿಲ್ಲ. ಟೊಮೆಟೊ ಆರಿಸುವವಳ ಹಾಗೆ ಒಂದು ಗಾಡಿಯ ಮುಂದೆ ಬಗ್ಗಿ, ಇದ್ದ ಟೊಮೆಟೊಗಳನ್ನೆಲ್ಲ ಹಿಸುಕಿ ನೋಡಿ, ಗಾಡಿಯವನ ಕೈಲಿ ಬೈಸಿಕೊಂಡೆ. ಆಗ ಗಂಡಸರ ಬಾಗಿಲು ತೆರೆಯಿತು. ನಮ್ಮವರು ಹೊರಗೆ ಬಂದರು.

ಅವರು ನನ್ನನ್ನು ಕಂಡರು. ಕಂಡೂ ಆಕಾಶ ನೋಡಿದರು. ಆಮೇಲೆ ಕಂಕುಳಲ್ಲಿ ಪೇಪರ್ ಇರುಕಿಕೊಂಡು ನೇರವಾಗಿ ಈರುಳ್ಳಿ ಅಂಗಡಿಗೆ ನಡೆದರು. ನಾನು ಅವರ ಪಕ್ಕ ಹೋಗಿ ನಿಂತು ನಾನೂ ಈರುಳ್ಳಿ ಆರಿಸತೊಡಗಿದೆ.

“ಬಸ್ ಸ್ಟ್ಯಾಂಡಲ್ಲಿ ಯಾರಿದಾರೆ?” ಎಂದೆ.

ಅವರು ಒಂದು ಈರುಳ್ಳಿಯ ಸಿಪ್ಪೆ ತೆಗೆದರು. ಇನ್ನೊಂದು ಪದರವನ್ನೂ ತೆಗೆದರು. “ಟೀ ಕುಡಿದಿದ್ದೆ ಕಣೆ,” ಎಂದರು.

ನಾನು ಏನು ಹೇಳುತ್ತಿದ್ದೆನೋ, ಅಷ್ಟರಲ್ಲಿ ಪ್ರಮೀಳಕ್ಕನ ಫೋನು. ಕೋರ್ಟಿನ ಹತ್ತಿರ ಹುಡುಗ ಬಂದಿಲ್ಲ, ಆದರೆ ನಿಮ್ಮತ್ತೆ ಬಂದಿದ್ದಾರೆ ಎಂದರು. ಮಡಿಲ ತುಂಬ ಹತ್ತಿ ಇಟ್ಟುಕೊಂಡು ಹೆಂಗಸರ ಕಡೆಯಿಂದ ಬಂದವರು, ಒಬ್ಬ ವಕೀಲರನ್ನ ನೋಡಬೇಕಿತ್ತು ಎಂದು ಹೇಳಿ ಮೆಟ್ಟಿಲ ಮೇಲೆ ಕೂತಿದ್ದಾರಂತೆ, ಏಳುತ್ತಿಲ್ಲವಂತೆ. ಅತ್ತೆಗೆ ಸಕ್ಕರೆ ಕಾಯಿಲೆ. ಅದನ್ನು ನಾನು ಯೋಚಿಸಬೇಕಿತ್ತು. ಮಗುವಿನ ಚಿಲಕ, ಲಾಡಿ, ನಾಯಿ, ಮೆರವಣಿಗೆ ಎಲ್ಲ ಯೋಚಿಸಿದ್ದ ನಾನು ಕಾವಲಿಗೆ ನಿಲ್ಲುವ ದೊಡ್ಡವರಿಗೂ ಅವಸರ ಆಗುತ್ತದೆ ಎಂದು ಯೋಚಿಸಿರಲಿಲ್ಲ. ಟಾಕೀಸಿನ ಹತ್ತಿರವೂ ಹುಡುಗನ ಸುಳಿವಿಲ್ಲ ಎಂದು ಪ್ರಮೀಳಕ್ಕನ ಗಂಡ ಹೇಳಿದರಂತೆ. ಅಲ್ಲಿಗೆ ಬಸ್ ಸ್ಟ್ಯಾಂಡು ಖಾಲಿ, ಆಸ್ಪತ್ರೆ ಖಾಲಿ, ಕೆರೆಯಂತೂ ಮೊದಲಿನಿಂದಲೂ ಖಾಲಿ. ನನ್ನ ಮಗ ಆ ಮೂರರಲ್ಲಿ ಎಲ್ಲೋ ಒಂದು ಕಡೆ ಒಬ್ಬನೇ ಇದ್ದ.

ನಮ್ಮವರು ಆಟೋ ಹಿಡಿದು ಬಸ್ ಸ್ಟ್ಯಾಂಡಿಗೂ ಅಲ್ಲಿಂದ ಆಸ್ಪತ್ರೆಗೂ ಹೋಗಿಬರುತ್ತೇನೆ ಎಂದರು. ನನ್ನ ಚೀಲವನ್ನೂ ಅದರಲ್ಲಿ ಹಾಕಿದ ಫೋನನ್ನೂ ಅವರ ಕೈಗೆ ತುರುಕಿದೆ. ಕೆರೆಗೆ ನಾನು ನಡೆದು ಹೋಗಬಹುದಿತ್ತು. ಆದರೆ ನಡೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎರಡು ಲೋಟ ಕಾಫಿ ಇಷ್ಟು ಹೊತ್ತು ಮಗನ ಯೋಚನೆಯಲ್ಲಿ ಸುಮ್ಮನಿದ್ದದ್ದು ಈಗ ಎದ್ದು ಕೂತಿತ್ತು. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿ ನಿಂತು ಹೆಂಗಸರ ಬಾಗಿಲ ಕಡೆ ನೋಡಿದೆ, ಪರಿಚಯದವರು ಯಾರಾದರೂ ಕೈ ಕೊಟ್ಟಾರೇನೋ ಎಂದು. ಭಾನುವಾರ. ಒಬ್ಬರೂ ಇರಲಿಲ್ಲ.

ಸಾಕವ್ವ ನನ್ನನ್ನೇ ನೋಡುತ್ತಿದ್ದಳು. ಎಲೆಗೆ ಸುಣ್ಣ ಸವರುತ್ತ, ಆ ಕಡೆ ಈ ಕಡೆ ಕುಣೀಬೇಡ, ಒಳಕ್ಕೆ ಹೋಗು ಎಂದಳು. ನೀನು ಸ್ವಲ್ಪ ಜೊತೆಗೆ ಬಾ ಸಾಕವ್ವ, ಹೊಸ್ತಿಲವರೆಗೆ ಎಂದು ಕೇಳಿಯೇಬಿಟ್ಟೆ.

“ಮಗ ಹೋದ,” ಎಂದಳು ಸಾಕವ್ವ. “ನಿಂಗೇನವ್ವ ಬಂದಿರೋದು?”

ಹೋದೆ. ಹೋಗುವ ಮೊದಲು ನನಗೆ ನಾನೇ ಒಂದು ಮಾತು ಹೇಳಿಕೊಂಡೆ, ಅದೃಷ್ಟ ಇದ್ದರೆ ನಂಜು ಬಂದಲ್ಲಿಗೇ ಬರುತ್ತೇನೆ, ಮಗನಿಗೋಸ್ಕರ ಹೋಗುತ್ತಿದ್ದೇನೆ ಎಂದು. ಹೊಸ್ತಿಲು ದಾಟುವಾಗ ಬಲಗೈ ತಾನಾಗಿಯೇ ಪಕ್ಕಕ್ಕೆ ಚಾಚಿತು, ಏನೂ ಸಿಗದೆ ಸೆರಗನ್ನು ಹಿಡಿದುಕೊಂಡಿತು. ಒಳಗೆ ಎಂದಿನ ಹಾಗೇ ಇತ್ತು. ಫಿನಾಯಿಲ್ ವಾಸನೆ, ಸೋರುವ ನಲ್ಲಿ, ಗೋಡೆಯ ಮೇಲೆ ಯಾರೋ ಗೀಚಿದ ಹೃದಯ. ಮುಗಿಸಿ, ಕೈ ತೊಳೆದು, ಬಾಗಿಲ ಮುಂದೆ ಬಂದು ನಿಂತೆ. ಅದೇ ಬಾಗಿಲು, ಬಂದದ್ದೇ. ಆಚೆ ಏನಿದೆ ಎಂದು ಮಾತ್ರ ಗೊತ್ತಿರಲಿಲ್ಲ. ಹಿಂದೆ ಇಬ್ಬರು ಹುಡುಗಿಯರು ಬಂದು ನಿಂತರು. ಕೈ ಕೊಡಿ ಎಂದು ಅವರನ್ನು ಕೇಳಬಹುದಿತ್ತು. ಕೇಳಿದ್ದರೆ ಮಾರ್ಕೆಟ್ಟಿಗೇ ಬರುತ್ತಿದ್ದೆ. ನಂಜು ಕೂಡ ಹೀಗೇ ಒಂದು ಬಾಗಿಲ ಮುಂದೆ ನಿಂತಿದ್ದನಲ್ಲ ಎಂದು ಹೊಳೆದು, ಕಣ್ಣು ಮುಚ್ಚಿ ತಳ್ಳಿದೆ.

ಗಾಳಿ ಬಂತು. ಕಣ್ಣು ಬಿಟ್ಟರೆ ನೀರು. ಕೆರೆ ಏರಿ.

ಮೊದಲು ನನಗೆ ನಾಚಿಕೆಯಾಗಲಿಲ್ಲ, ಭಯವೂ ಆಗಲಿಲ್ಲ. ಅಷ್ಟು ದೊಡ್ಡ ಕೆರೆ ನಮ್ಮೂರಿನಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ ಎನಿಸಿತು, ಅಷ್ಟೇ. ಮದುವೆಯಾದ ಹೊಸದರಲ್ಲಿ ಒಂದು ಸಲ ಸ್ಕೂಟರಿನ ಮೇಲೆ ಬಂದಿದ್ದೆ, ಆಗ ನಮ್ಮವರ ಬೆನ್ನು ಮಾತ್ರ ನೋಡಿದ್ದೆ. ನಾನು ಇಲ್ಲಿದ್ದೇನೆ ಎಂದು ಈ ಲೋಕದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ಯೋಚನೆ ಬಂದ ಕೂಡಲೇ ಮಗನ ನೆನಪಾಗಿ ತಿರುಗಿ ತಿರುಗಿ ನೋಡಿದೆ. ಸುತ್ತ ಎಲ್ಲೂ ಅವನಿರಲಿಲ್ಲ. ಒಬ್ಬ ಮುದುಕ ಗೋಣಿತಾಟಿನ ಮೇಲೆ ಸೀಬೆಹಣ್ಣು ಗುಡ್ಡೆ ಹಾಕಿಕೊಂಡು ಕೂತಿದ್ದ. ಮರ್ಯಾದೆ ಎಲ್ಲ ಮರೆತು, ನೀಲಿ ಚಡ್ಡಿ ಹಾಕಿಕೊಂಡ ಹುಡುಗನೊಬ್ಬ ಬಂದನಾ ಎಂದು ನೇರವಾಗಿ ಕೇಳಿದೆ.

ಅವನು ನನ್ನ ಮುಖ ನೋಡಲಿಲ್ಲ. “ಬಂದೋರ್ನ ಹೋದೋರ್ನ ನಾವು ನೋಡಕಿಲ್ಲ ಕಣಮ್ಮ,” ಎಂದ. ಅವನಿಗೆ ನನ್ನ ಪರವಾಗಿ ನಾಚಿಕೆಯಾಗಿತ್ತು. ನಾನು ಸೀಬೆಹಣ್ಣು ಕೊಳ್ಳೋಣವೆಂದರೆ ಪರ್ಸು ಚೀಲದಲ್ಲಿ, ಚೀಲ ಆಟೋದಲ್ಲಿ. ಹಾಗೇ ನಿಂತೆ. ಆಗ ಅವನು ಒಂದು ಹಣ್ಣು ತೆಗೆದುಕೊಂಡು ಪಂಚೆಗೆ ಒರೆಸುತ್ತ, ಅದರೊಂದಿಗೇ ಮಾತಾಡಿದ. ಬೆಳಿಗ್ಗೆಯಿಂದ ಈ ಬಾಗಿಲಿಂದ ಹುಡುಗರು ಅನ್ನೋರು ಯಾರೂ ಬಂದಿಲ್ಲ ಕಣಪ್ಪ, ಬಂದಿದ್ದರೆ ನಿನ್ನ ಕೇಳದೆ ಹೋಗ್ತಿದ್ರಾ ಎಂದ ಹಣ್ಣಿಗೆ. ಅದನ್ನು ಗುಡ್ಡೆಯ ಮೇಲಿಟ್ಟು ಇನ್ನೊಂದನ್ನು ತೆಗೆದುಕೊಂಡ.

ನನ್ನ ಎದೆಯ ಭಾರ ಅರ್ಧ ಇಳಿಯಿತು. ಇನ್ನರ್ಧಕ್ಕೆ ಮನೆಗೆ ಹೋಗಬೇಕಿತ್ತು. ಗಿಳಿಹಸಿರು ದಾರಿ ನನಗೆ ಬಾಯಿಪಾಠ, ಮಗನಿಗೆ ಕಲಿಸಿದವಳೇ ನಾನು. ಏರಿ ಇಳಿದು ಹುಣಸೆಮರದ ಬಳಿ ಎಡಕ್ಕೆ, ಹಿಟ್ಟಿನ ಗಿರಣಿ ದಾಟಿ ಬಲಕ್ಕೆ. ಏರಿ ಇಳಿದೆ. ಹುಣಸೆಮರ ಇರಲಿಲ್ಲ. ಮರ ಇರಬೇಕಾದ ಕಡೆ ಟೈಲ್ಸ್ ಅಂಗಡಿ ಇತ್ತು, ಗಿರಣಿಯ ಶಬ್ದ ಎಲ್ಲಿಯೂ ಇಲ್ಲ. ನಮ್ಮವರು ಹೇಳಿದ್ದು ತಾವು ಚಡ್ಡಿ ಹಾಕುತ್ತಿದ್ದ ಕಾಲದ ಊರು. ಅದನ್ನೇ ನಾನು ನೆಲದ ಮೇಲೆ ಹಾಸಿ, ಮಗ ಅದರ ಮೇಲೆ ಬೆರಳಾಡಿಸಿ, ಇಬ್ಬರೂ ಪಾಸಾಗಿದ್ದೆವು. ಬೇರೆ ದಾರಿಗಳೂ ಹೀಗೇ ಇದ್ದರೆ ಅವನ ಗತಿ ಏನು ಎಂದು ನನಗೆ ಅಲ್ಲೇ ಕೂತುಬಿಡೋಣ ಎನಿಸಿತು. ಟೈಲ್ಸ್ ಅಂಗಡಿಯ ಮುಂದೆ ಹೂ ಕಟ್ಟುತ್ತಿದ್ದ ಹೆಂಗಸು ನನ್ನ ಕಡೆ ನೋಡದೆ, ಬುಟ್ಟಿಯೊಳಗಿನ ಮಲ್ಲಿಗೆಗೆ, ಈಗ ಎಲ್ಲಾರೂ ಆ ಹಳದಿ ನೀರಿನ ಟ್ಯಾಂಕಿನ ಪಕ್ಕದಿಂದಾನೇ ಹೋಗ್ತಾರಮ್ಮ ಪೇಟೆಗೆ ಎಂದಳು. ಟ್ಯಾಂಕಿನ ಬಳಿ ಒಬ್ಬ ತನ್ನ ಕಟ್ಟಿಹಾಕಿದ ಮೇಕೆಗೆ ಮುಂದಿನ ತಿರುವು ವಿವರಿಸಿದ. ಅಲ್ಲಿಂದಾಚೆ ಇಸ್ತ್ರಿ ಮಾಡುವವನು ಯಾರದೋ ಷರಟಿನ ಕಾಲರಿಗೆ, ಎರಡನೇ ಅಡ್ಡರಸ್ತೆ ಬಿಟ್ಟು ಮೂರನೆಯದಕ್ಕೆ ಹೋಗು ಎಂದು ಬುದ್ಧಿ ಹೇಳುತ್ತಿದ್ದ. ಇಷ್ಟು ವರ್ಷ ಈ ಊರಿನಲ್ಲಿದ್ದೂ ಊರು ಹೀಗೆ ಮಾತಾಡುತ್ತದೆ ಎಂದು ನನಗೆ ತಿಳಿದಿರಲಿಲ್ಲ. ತಿಳಿಯಬೇಕಾದರೆ ಒಬ್ಬಳೇ ಇರಬೇಕಿತ್ತು. ಅವನಿಗೂ ಯಾರಾದರೂ ಹೇಳಿರುತ್ತಾರೆ ಎಂದುಕೊಳ್ಳುತ್ತ ಹೆಜ್ಜೆ ಹಾಕಿದೆ. ಮೇಕೆಗಳು ಎಲ್ಲ ಕಡೆಯೂ ಇರುತ್ತವೆ.

ನಮ್ಮ ಬೀದಿಗೆ ಬಂದಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರ ಹಿಂದೆ ನಮ್ಮವರು, ನನ್ನ ಚೀಲವನ್ನು ಎದೆಗೆ ಅವುಚಿಕೊಂಡು. ಅತ್ತೆ ಬೈಯುತ್ತಿದ್ದದ್ದು ಅವರನ್ನು.

“ಹುಡುಗನ್ನ ಬಿಟ್ಟೆ, ಸರಿ,” ಎನ್ನುತ್ತಿದ್ದರು. “ಇವಳನ್ನ ಯಾಕೋ ಒಬ್ಬಳನ್ನೇ ಬಿಟ್ಟೆ? ಈ ಮನೆಗೆ ಬಂದಾಗಿನಿಂದ ಒಂದಿನಾನಾದ್ರೂ ಒಬ್ಬಳೇ ಹೋಗಿದ್ದು ನೋಡಿದೀಯಾ?”

ನಾನು ಅಲ್ಲೇ ನಿಂತೆ. ಗೊತ್ತಿತ್ತು ಅವರಿಗೆ. ನಾದಿನಿ ತುತ್ತು ಬಿಟ್ಟು ಏಳುತ್ತಿದ್ದಾಗ ಸುಮ್ಮನಿದ್ದವರು, ನಂಜುವಿಗೆ ಚಿಲಕ ಬರುವುದಿಲ್ಲ ಎಂದು ನಾನು ಹೇಳುತ್ತಿದ್ದಾಗ ಸುಮ್ಮನಿದ್ದವರು. ಅವರು ನನ್ನನ್ನು ನೋಡಿದರು, ನೋಡಿ ಬೀದಿಯ ಆಚೆ ಕಡೆಗೆ ಮುಖ ತಿರುಗಿಸಿದರು, ಬಿಸಿಲು ಜಾಸ್ತಿಯಾಯಿತು ಎಂದು ಯಾರಿಗೋ ಹೇಳಿ, ನಾನು ಒಳಗೆ ಹೋಗಲು ಪಕ್ಕಕ್ಕೆ ಸರಿದರು. ನಮ್ಮವರು ಚೀಲ ಕೊಟ್ಟು, ಎಲ್ಲಕ್ಕಿಂತ ಮೊದಲು ಅವನೇ ಬಂದು ಬಾಗಿಲಲ್ಲಿ ಕೂತಿದ್ದ ಎಂದಷ್ಟೇ ಹೇಳಿದರು.

ನಂಜು ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತು ಅಕ್ಕಿರೊಟ್ಟಿ ತಿನ್ನುತ್ತಿದ್ದ. ಚಡ್ಡಿ ಒಣಗಿದಂತೆಯೇ ಇತ್ತು, ಲಾಡಿಯ ಗಂಟು ನೆಟ್ಟಗಿತ್ತು. ಮೊಣಕಾಲಿಗೆ ಎಲ್ಲಿಯದೋ ಕೆಂಪು ಮಣ್ಣು ಹತ್ತಿತ್ತು. ಅಂಥ ಮಣ್ಣು ಮಾರ್ಕೆಟ್ಟಿನಲ್ಲಿಲ್ಲ, ನಮ್ಮ ಬೀದಿಯಲ್ಲೂ ಇಲ್ಲ. ಬಸ್ ಸ್ಟ್ಯಾಂಡಿನದೋ ಆಸ್ಪತ್ರೆಯದೋ ಎಂದು ಯೋಚಿಸುತ್ತ ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ತಬ್ಬಿಕೊಳ್ಳಬೇಕು ಎನಿಸಿತ್ತು, ತಬ್ಬಿಕೊಳ್ಳಲಿಲ್ಲ. ಅದರ ಬದಲು, ಈ ಊರಿನಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿದೆ. ಎಲ್ಲಿ ಬಂದೆ ಕಂದಾ, ಯಾವ ಬಾಗಿಲು?

ಅವನು ಅಗಿಯುವುದನ್ನು ನಿಲ್ಲಿಸಿದ. ನನ್ನ ಮುಖವನ್ನು, ಕೆದರಿದ ಕೂದಲನ್ನು, ಧೂಳಾದ ಪಾದಗಳನ್ನು ನೋಡಿದ.

“ನೀನು ಎಲ್ಲಿ ಬಂದೆ?” ಎಂದ.

ಹೇಳಲು ಬಾಯಿ ತೆರೆದೆ. ಕೆರೆ ಎಂದರೆ ಮುಗಿಯುತ್ತಿತ್ತು. ಆದರೆ ಆ ಗಾಳಿ, ನಾನು ಎಲ್ಲಿದ್ದೇನೆ ಎಂದು ಯಾರಿಗೂ ಗೊತ್ತಿಲ್ಲದ ಆ ಒಂದು ಗಳಿಗೆ, ಅದನ್ನು ಬಾಯಿಂದ ಹೊರಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಹುಟ್ಟಿದಾಗಿನಿಂದ ಯಾರದೋ ಕೈ ಹಿಡಿದವಳಿಗೆ ಅಷ್ಟು ಮಾತ್ರ ಸ್ವಂತದ್ದು ಎಂದು ಸಿಕ್ಕಿತ್ತು. ರೊಟ್ಟಿ ತಣ್ಣಗಾಗುತ್ತೆ, ತಿನ್ನು ಎಂದೆ.

ಅವನು ತಲೆಯಾಡಿಸಿದ, ಸರಿಯಾದ ಉತ್ತರ ಸಿಕ್ಕವನ ಹಾಗೆ. ಅವನ ಹಲ್ಲು ಹುಟ್ಟಿದ ದಿನ, ಅವನು ಮೊದಲು ಬಿದ್ದ ಮೆಟ್ಟಿಲು, ಅವನಿಗೆ ಬೀಳುವ ಕನಸು, ಎಲ್ಲವೂ ನನಗೆ ಗೊತ್ತು. ಆ ಭಾನುವಾರ ಅವನು ಯಾವ ಬಾಗಿಲಿನಿಂದ ಹೊರಗೆ ಬಂದ ಎಂಬುದು ಇವತ್ತಿಗೂ ಗೊತ್ತಿಲ್ಲ. ಅವನು ಉಳಿದ ರೊಟ್ಟಿಯನ್ನು ತಿಂದು ಮುಗಿಸಿದ. ಆಮೇಲೆ ಅವನು ತಟ್ಟೆಯನ್ನು ನನ್ನ ಕಡೆಗೆ ತಳ್ಳಿ ಇನ್ನೊಂದು ರೊಟ್ಟಿ ಕೇಳಿದ.